ಹಿಂದಕ್ಕೆ ಕೊಡಬೇಕಾದ ನಕ್ಷತ್ರ

ನಮ್ಮ ಸೋದರಮಾವನಿಗೆ ಹಳೇ ಬಿಲ್ಲೆಗಳ ಹುಚ್ಚು. ನಾಣ್ಯ, ಪದಕ, ಸಂಸ್ಥಾನಗಳ ಜವಾನರು ಎದೆಗೆ ಕಟ್ಟಿಕೊಳ್ಳುತ್ತಿದ್ದ ಹಿತ್ತಾಳೆ ಬಿಲ್ಲೆ, ಏನು ಸಿಕ್ಕರೂ ಸರಿ. ಧಾರವಾಡ ಬಿಟ್ಟು ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು, ಶುಕ್ರವಾರ ನಸುಕಿನಲ್ಲಿ ಚೋರ್ ಬಜಾರಕ್ಕೆ ಹೋಗುವ ರೂಢಿ ಮಾತ್ರ ತಪ್ಪಿಲ್ಲ. ಹೋದ ಮಳೆಗಾಲದಲ್ಲಿ ಒಂದು ಶುಕ್ರವಾರ ನನ್ನನ್ನೂ ಎಬ್ಬಿಸಿದರು. ಬಿ.ಎ.ಗೆ ಇತಿಹಾಸ ತಗೊಂಡೀಯಲ್ಲ, ಬರೇ ಪುಸ್ತಕ ಹಿಡಕೊಂಡು ಕೂತ್ರ ಏನು ತಿಳೀತದ, ಬಾ ಅಂತ ಅವರ ವಾದ. ನಿದ್ದೆಗಣ್ಣಿನಲ್ಲೇ ಹೊರಟೆ.

ಅಲ್ಲೊಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತಿಳಿ ನೀಲಿ ಬಣ್ಣದ ರಿಬ್ಬನ್ನಿನ ತುಂಡು ಕಂಡಿತು. ಎರಡೂ ಅಂಚಿನ ಹತ್ತಿರ ಬಿಳಿ ಗೆರೆ. ಅದಕ್ಕೆ ಐದು ಮೂಲೆಯ ನಕ್ಷತ್ರ, ನಕ್ಷತ್ರದ ಕೆಳಗೆ ಮೊಟ್ಟೆಯಾಕಾರದ ಬಿಲ್ಲೆ, ಬಿಲ್ಲೆಯಲ್ಲಿ ವಿಕ್ಟೋರಿಯಾ ರಾಣಿಯ ಮುಖ. ಅಂಗಡಿಯವನು ದನಿ ತಗ್ಗಿಸಿ, ಇದು ಭೋಪಾಲದ ಬೇಗಂ ಒಬ್ಬರ ಎದೆಯ ಮೇಲಿದ್ದದ್ದು ಎಂದು ಹೇಳಿ ಒಂದು ಬೆಲೆಯನ್ನೂ ಹೇಳಿದ. ಆ ದುಡ್ಡಿನಲ್ಲಿ ನಾನು ಎಂ.ಎ.ವರೆಗೂ ಫೀಸು ಕಟ್ಟಬಹುದಿತ್ತು. ಮಾವ ಅದನ್ನು ಅಂಗೈಯಲ್ಲಿಟ್ಟು ತೂಗಿದರು, ತಿರುವಿ ನೋಡಿದರು, ಮೆಲ್ಲಗೆ ಇದ್ದಲ್ಲಿಯೇ ಇಟ್ಟರು.

ಹೊರಗೆ ಬಂದು ಕಟಿಂಗ್ ಚಹಾ ಕುಡಿಯುತ್ತ ಪಾಠ ಶುರುವಾಯಿತು. ಒಂದು, ನಿಜವಾದ ಸ್ಟಾರ್ ಆಫ್ ಇಂಡಿಯಾ ಪದಕದಲ್ಲಿ ರಾಣಿಯ ಮುಖವನ್ನು ಓನಿಕ್ಸ್ ಕಲ್ಲಿನಲ್ಲಿ ಕೊರೆದಿರುತ್ತಾರೆ. ಇಲ್ಲಿ ಬಿಲ್ಲೆ, ಮುಖ ಎರಡೂ ಒಂದೇ ಎರಕ. ಎರಡು, ಅದರ ಧ್ಯೇಯವಾಕ್ಯದ ಅಕ್ಷರಗಳನ್ನೂ ಮೇಲಿನ ನಕ್ಷತ್ರವನ್ನೂ ವಜ್ರದಿಂದ ಕೂಡಿಸಿರುತ್ತಾರೆ. ಇಲ್ಲಿದ್ದದ್ದು ಗಾಜು. ಮೂರನೆಯದು ಮಾವನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ. ಆ ಪದಕ ಪಡೆದವರು ತೀರಿಕೊಂಡ ಮೇಲೆ ಅದನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕೆಂದು ನಿಯಮವಿತ್ತು. ಕೊಟ್ಟಿದ್ದು ಗೌರವ, ವಜ್ರ ಮಾತ್ರ ಕೈಗಡ. ಆದ್ದರಿಂದ ಅಂಥದೊಂದು ಪೇಟೆಯಲ್ಲಿ ಕಂಡರೆ, ಎಷ್ಟು ಬೆಲೆ ಎಂದು ಕೇಳುವುದಕ್ಕೆ ಮೊದಲು, ಹಿಂದಕ್ಕೆ ಹೋಗದೆ ಹೇಗೆ ಉಳಿಯಿತು ಎಂದು ಕೇಳಬೇಕಂತೆ. ಹೆಂಗಸರ ಹೆಸರಿನದಾದರೆ ಎರಡು ಸಲ ಕೇಳಬೇಕಂತೆ. ಯಾಕಂದರೆ ಅಂಥ ಹೆಂಗಸರು ಬೆರಳೆಣಿಕೆಯಷ್ಟು.

ಹೆಂಗಸರಿಗೆಂದೇ ಮಾಡಿದ ಪದಕ ಬೇರೆ ಇತ್ತು. 1878ರ ಜನವರಿ 1ರಂದು ವಿಕ್ಟೋರಿಯಾ ರಾಣಿ ಸ್ಥಾಪಿಸಿದ ಕ್ರೌನ್ ಆಫ್ ಇಂಡಿಯಾ. ರಾಣಿಯ ಹೆಸರಿನ ಅಕ್ಷರಗಳನ್ನು ವಜ್ರ, ಮುತ್ತು, ಹಸಿರುನೀಲಿ ಕಲ್ಲುಗಳಲ್ಲಿ ಹೆಣೆದು, ಸುತ್ತ ಮುತ್ತಿನ ಸಾಲು, ಮೇಲೊಂದು ಕಿರೀಟ. ಅದನ್ನು ತಿಳಿ ನೀಲಿ ರಿಬ್ಬನ್ನಿನ ಬೋ ಕಟ್ಟಿ ಎಡ ಹೆಗಲಿನ ಮೇಲೆ ತೊಡಬೇಕು. ರಾಜಮನೆತನದ ಹೆಂಗಸರು, ವೈಸರಾಯರ ಮತ್ತು ಗವರ್ನರುಗಳ ಹೆಂಡಂದಿರು, ನಮ್ಮ ದೇಶದ ಮಹಾರಾಣಿಯರು ಇವರಿಗೆಲ್ಲ ಅದು ಸಿಕ್ಕಿದೆ. ನಮ್ಮ ಮೈಸೂರಿನ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರಿಗೂ ಸಿಕ್ಕಿದೆ. 1894ರ ಕೊನೆಯಲ್ಲಿ ಗಂಡ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. 1895ರಿಂದ 1902ರವರೆಗೆ ಅವರೇ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದರು, ಮಗ ಪ್ರಾಯಕ್ಕೆ ಬಂದಕೂಡಲೇ ಒಪ್ಪಿಸಿ ಹಿಂದೆ ಸರಿದರು. ಆ ಪದಕಕ್ಕೆ ಕಲ್ಲು ಮುತ್ತು ಎಷ್ಟಿದ್ದರೂ ಅದರ ಜೊತೆ ನೈಟ್ ಪದವಿಯಿಲ್ಲ. ಸ್ಟಾರ್ ಆಫ್ ಇಂಡಿಯಾ ಹಾಗಲ್ಲ. ಅದು ಗಂಡಸರ ಸಾಲು, ರಾಜರ ಸಾಲು. ಅದು ಹುಟ್ಟಿದ ವರ್ಷವೇ ಆ ಸಾಲಿಗೆ ಒಬ್ಬಳು ಹೆಂಗಸು ಹೋಗಿ ನಿಂತಳು. ಆಕೆ ಭೋಪಾಲದ ಸಿಕಂದರ್ ಬೇಗಂ.

ನಮ್ಮ ಸಂಘದ ಕೋಣೆಯಲ್ಲಿ ಈ ಲೇಖನದ ಮಾತು ತೆಗೆದಾಗ ಒಬ್ಬ ಗೆಳೆಯ ಸಿಡಿದೆದ್ದ. 1857ರಲ್ಲಿ ಝಾನ್ಸಿಯ ರಾಣಿ ಕುದುರೆ ಏರಿದಳು, ಈ ಬೇಗಂ ಇಂಗ್ಲಿಷರನ್ನು ಬಚ್ಚಿಟ್ಟಳು, ಅದಕ್ಕೇ ಪದಕ ಕೊಟ್ಟರು, ಇಂಥವಳ ಮೇಲೆ ನಾಲ್ಕು ಪುಟ ಯಾಕೆ, ಕಾಗದಕ್ಕೇನು ದಂಡವೇ ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅಷ್ಟರಲ್ಲೇ ಕಥೆ ಮುಗಿಯುವುದಿಲ್ಲ ಅನ್ನಿಸಿತು, ಅದಕ್ಕೇ ಬರೆಯಹೊರಟಿದ್ದೇನೆ.

ಸಿಕಂದರ್ ಹುಟ್ಟಿದ್ದು 1817ರಲ್ಲಿ. ಭೋಪಾಲವನ್ನು ಕಟ್ಟಿದವನು ಆಫ್ಘಾನಿಸ್ತಾನದ ಕಡೆಯಿಂದ ಬಂದ ದೋಸ್ತ್ ಮೊಹಮ್ಮದ್ ಖಾನ್. ಆ ವಂಶದ ನವಾಬ ನಜರ್ ಮೊಹಮ್ಮದ್ ಆಕೆಯ ತಂದೆ. 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡವನು ಅವನೇ. ಮರುವರ್ಷ ಮನೆಯವರ ಜೊತೆ ಕುಳಿತಿದ್ದಾಗ ಪಿಸ್ತೂಲು ಹಾರಿ ಸತ್ತ. ಅದನ್ನು ಕೈಯಲ್ಲಿ ಹಿಡಿದಿದ್ದವನು ಅವನ ಹೆಂಡತಿಯ ಪುಟ್ಟ ತಮ್ಮ ಫೌಜ್ದಾರ್ ಮೊಹಮ್ಮದ್. ಆಟದಲ್ಲಿ ಆದದ್ದು ಅಂತ ಎಲ್ಲರೂ ನಂಬಿದರು.

ಸಿಕಂದರ್ ಆಗ ಇನ್ನೂ ಪುಟ್ಟ ಕೂಸು. ತಾಯಿ ಕುದ್ಸಿಯಾ ಬೇಗಮಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆ ಹುಡುಗಿ ವಿಧವೆ ಶೋಕ ಮುಗಿಯುವ ಮೊದಲೇ ನೆಂಟರಿಷ್ಟರನ್ನು ಕೂಡಿಸಿ, ಗಂಡನ ಗಾದಿ ತನ್ನ ಮಗಳಿಗೆ ಸೇರಿದ್ದು, ಮಗಳು ದೊಡ್ಡವಳಾಗುವವರೆಗೆ ನಡೆಸುವವಳು ತಾನು ಎಂದು ಹೇಳಿದಳು. ಮನೆತನದ ಗಂಡಸರು ಅಷ್ಟು ಜನ ಇದ್ದರೂ ಅವತ್ತಿಗೆ ತುಟಿ ಬಿಚ್ಚಲಿಲ್ಲ. ಆದರೆ ಒಂದು ಷರತ್ತು ಸೇರಿಕೊಂಡಿತು. ಸಿಕಂದರಳನ್ನು ಮದುವೆಯಾಗುವ ಹುಡುಗ ಅದೇ ಮನೆತನದವನಾಗಿರಬೇಕು, ನವಾಬನೆನ್ನಿಸಿಕೊಳ್ಳುವವನು ಅವನು. ಅಂದರೆ ಗಾದಿ ಮಗಳದು, ಕೂಡುವವನು ಅಳಿಯ. ಮುಂದಿನ ಇಪ್ಪತ್ತೈದು ವರ್ಷದ ಗೋಳೆಲ್ಲ ಈ ಒಂದು ಷರತ್ತಿನೊಳಗಿಂದ ಬಂದದ್ದು.

ಮಗಳನ್ನು ಕುದ್ಸಿಯಾ ಬೆಳೆಸಿದ ರೀತಿ ಬೇರೆಯೇ. ಕುದುರೆ ಸವಾರಿ, ಕತ್ತಿವರಸೆ, ಬೇಟೆ, ಲೆಕ್ಕಪತ್ರ ಎಲ್ಲ ಕಲಿಸಿದಳು. ಮುಂದೆ ತಾಯಿಯೂ ಪರದೆ ಬಿಟ್ಟಳು, ಮಗಳೂ ಬಿಟ್ಟಳು. ಮೊದಲು ನಿಶ್ಚಯವಾದ ಹುಡುಗ ಮುನೀರ್ ಮೊಹಮ್ಮದ್, ಮದುವೆಗೆ ಮುಂಚೆಯೇ ಅಧಿಕಾರ ಕೇಳತೊಡಗಿದ. ಅವನನ್ನು ಬಿಟ್ಟು ತಮ್ಮ ಜಹಾಂಗೀರ್ ಮೊಹಮ್ಮದನನ್ನು ಆರಿಸಿದರು. 1835ರಲ್ಲಿ ಮದುವೆಯಾಯಿತು. ಇವನೇನು ಬೇರೆಯೇ? ಅತ್ತೆ ಕೆಳಗಿಳಿಯಲಿ, ಹೆಂಡತಿ ಒಳಗೆ ಕೂಡಲಿ ಎಂದು ಹಟ ಹಿಡಿದ. ಎರಡೂ ಕಡೆ ಸೈನ್ಯ ಕೂಡಿ ಆಷ್ಟಾ ಎಂಬಲ್ಲಿ ಕಾಳಗವೂ ಆಯಿತು. ಕೊನೆಗೆ 1837ರಲ್ಲಿ ಕಂಪನಿಯವರು ಮಧ್ಯೆ ಬಂದು ಜಹಾಂಗೀರನನ್ನು ಗಾದಿಗೇರಿಸಿದರು. ಕುದ್ಸಿಯಾಳಿಗೆ ಜಹಗೀರು ಕೊಟ್ಟು ಕೂಡಿಸಿದರು.

ಸಿಕಂದರಳಿಗೆ ಸಿಕ್ಕಿದ್ದು ಕತ್ತಿಯ ಏಟು. ಬಸುರಿಯಾಗಿದ್ದ ಹೆಂಡತಿಯ ಮೇಲೆ ಗಂಡ ಕೈಮಾಡಿದ, ಗಾಯವಾಯಿತು, ಪ್ರಾಣ ಉಳಿಯಿತು. ಆಕೆ ಅರಮನೆ ಬಿಟ್ಟು ತಾಯಿಯ ಜೊತೆ ಇಸ್ಲಾಂನಗರದ ಹಳೇ ಕೋಟೆಗೆ ಹೋದಳು. 1838ರಲ್ಲಿ ಅಲ್ಲಿಯೇ ಮಗಳು ಶಾಹ ಜಹಾನ್ ಹುಟ್ಟಿದಳು. ಗಾದಿಯ ಒಡತಿ ಎಂದು ತೊಟ್ಟಿಲಲ್ಲೇ ಹೆಸರಾದವಳು ಇಪ್ಪತ್ತೊಂದನೆಯ ವಯಸ್ಸಿಗೆ ಕೂಸನ್ನು ಎತ್ತಿಕೊಂಡು ಊರ ಹೊರಗಿನ ಕೋಟೆಯಲ್ಲಿ ಕೂತಳು. ಆರು ವರ್ಷ ಹಾಗೇ ಹೋಯಿತು.

1844ರಲ್ಲಿ ಜಹಾಂಗೀರ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಸಾಯುವಾಗಲೂ ಗಾದಿ ಬೇರೆ ಸಂಬಂಧದಲ್ಲಿ ಹುಟ್ಟಿದ ಗಂಡುಮಗನಿಗೆ ಹೋಗಲಿ ಎಂದು ಮರಣಪತ್ರ ಬರೆದಿಟ್ಟಿದ್ದ. ಕಂಪನಿ ಅದನ್ನು ಒಪ್ಪಲಿಲ್ಲ. ಆರು ವರ್ಷದ ಶಾಹ ಜಹಾನಳೇ ಹಕ್ಕುದಾರಳು ಎಂದಿತು. ಹಾಗಾದರೆ ಕೂಸಿನ ಪರವಾಗಿ ಆಳುವವರು ಯಾರು? ಮೊದಲು ಆ ಕೆಲಸ ಹೋದದ್ದು ಫೌಜ್ದಾರ್ ಮೊಹಮ್ಮದನಿಗೆ. ಹೌದು, ಪಿಸ್ತೂಲು ಹಿಡಿದಿದ್ದ ಅದೇ ಹುಡುಗ, ಈಗ ದೊಡ್ಡವನಾಗಿದ್ದ. ಸಿಕಂದರ್ ಸುಮ್ಮನೆ ಕೂಡುವವಳಲ್ಲ. ಅವನ ಕೈಯಲ್ಲಿ ಕೆಲಸ ಸಾಗಲೂ ಇಲ್ಲ. 1847ರಲ್ಲಿ ಅವನು ಬಿಟ್ಟುಕೊಟ್ಟ, ರಾಜಪ್ರತಿನಿಧಿಯ ಅಧಿಕಾರ ಸಿಕಂದರಳ ಕೈಗೆ ಬಂತು. ಆಗ ಆಕೆಗೆ ಮೂವತ್ತು.

ಇಲ್ಲಿಂದ ಮುಂದಿನ ಹತ್ತು ವರ್ಷದ ವಿಷಯ ಓದುತ್ತಿದ್ದರೆ ಯಾವುದೋ ರೆವಿನ್ಯೂ ಖಾತೆಯ ಕಡತ ಓದಿದ ಹಾಗಾಗುತ್ತದೆ. ನನಗೆ ಅದೇ ಇಷ್ಟವಾಯಿತು. ಕಂದಾಯ ವಸೂಲಿಯನ್ನು ಗುತ್ತಿಗೆ ಕೊಡುವ ಪದ್ಧತಿ ನಿಲ್ಲಿಸಿದಳು. ಆ ಗುತ್ತಿಗೆದಾರರು ರೈತರನ್ನು ಹಿಂಡಿ ತಾವು ಕೊಬ್ಬುತ್ತಿದ್ದರು. ಭೂಮಿ ಅಳೆಸಿದಳು. ರಾಜ್ಯವನ್ನು ಮೂರು ಜಿಲ್ಲೆ ಮಾಡಿ ಅಧಿಕಾರಿಗಳನ್ನಿಟ್ಟಳು. ಹಿಂದಿನವರು ಮಾಡಿಟ್ಟಿದ್ದ ಸಾಲ ತೀರಿಸಿದಳು. ಟಂಕಸಾಲೆ, ಕಚೇರಿ, ಬೇಹಿನವರ ಜಾಲ, ಸಲಹೆ ಕೊಡುವುದಕ್ಕೆ ಒಂದು ಮಂಡಳಿ, ಎಲ್ಲ ಕಟ್ಟಿದಳು. ಪಾರ್ಸಿಯ ಬದಲು ಜನ ಆಡುವ ಉರ್ದುವನ್ನು ದರ್ಬಾರಿನ ಭಾಷೆ ಮಾಡಿದಳು. ಕಚೇರಿಯ ಕಾಗದ ಜನರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದಕ್ಕೆ ಕನ್ನಡದವರಾದ ನಾವು ಎಷ್ಟು ಹೋರಾಡಿದ್ದೇವೆಂದು ನೆನೆದರೆ ಇದೇನು ಸಣ್ಣ ಕೆಲಸವಲ್ಲ. ಹೆಣ್ಣುಮಕ್ಕಳಿಗೆ ಶಾಲೆ ತೆಗೆದಳು. ಊರೂರು ತಿರುಗಿ ಲೆಕ್ಕ ತಾನೇ ನೋಡುತ್ತಿದ್ದಳು.

1855ರಲ್ಲಿ ಮಗಳ ಮದುವೆ. ಇಲ್ಲಿ ಆಕೆ ಮಾಡಿದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಮದುವೆಗೆ ಮೊದಲೇ ಕಂಪನಿಯವರ ಜೊತೆ ಪತ್ರವ್ಯವಹಾರ ನಡೆಸಿ, ಅಳಿಯನಿಗೆ ನವಾಬನೆಂಬ ಹೆಸರು ಮಾತ್ರ, ಅಧಿಕಾರವೆಲ್ಲ ಮಗಳದು ಎಂದು ಬರೆಸಿಕೊಂಡಳು. ತನ್ನ ಮೈಮೇಲೆ ಬಿದ್ದ ಕತ್ತಿ ಮಗಳ ಮೇಲೆ ಬೀಳದಿರಲಿ ಎಂದು ಕಾಗದದಲ್ಲಿ ಬೇಲಿ ಹಾಕಿದಳು. ಆಯುಧ ಹಿಡಿಯುವುದು ಬರುತ್ತಿದ್ದವಳು ಆಯುಧವನ್ನು ನಂಬಲಿಲ್ಲ, ಕಾಗದವನ್ನು ನಂಬಿದಳು. ಆ ಕಾಗದಕ್ಕೆ ರುಜು ಮಾಡುವವನು ಮಾತ್ರ ಇಂಗ್ಲಿಷಿನವನು.

ಗೆಳೆಯ ಸಿಡಿದದ್ದು ಮುಂದಿನ ಭಾಗಕ್ಕೆ. 1857ರ ಜುಲೈ 1ರಂದು ಇಂದೋರಿನ ರೆಸಿಡೆನ್ಸಿಯ ಮೇಲೆ ದಾಳಿಯಾಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಇಂಗ್ಲಿಷರು, ಅವರ ಹೆಂಗಸರು ಮಕ್ಕಳು ಭೋಪಾಲ ರಾಜ್ಯದ ಸೀಹೋರಿಗೆ ಬಂದರು. ಬೇಗಂ ಅವರನ್ನು ಕಾಪಾಡಿ ನರ್ಮದೆಯಾಚೆ ಹೋಶಂಗಾಬಾದಿಗೆ ದಾಟಿಸಿದಳು. ಊರಿನಲ್ಲಿ ಜನರ ಮನಸ್ಸು ಬೇರೆ ಇತ್ತು. ಬಂಡಾಯದ ಕರಪತ್ರಗಳು ಓಡಾಡುತ್ತಿದ್ದವು, ಆಕೆ ಅವನ್ನು ತಡೆದಳು. ಸೀಹೋರಿನಲ್ಲಿದ್ದ ಸಿಪಾಯಿಗಳು ಆಗಸ್ಟಿನಲ್ಲಿ ತಿರುಗಿಬಿದ್ದು ಸಿಪಾಹಿ ಬಹಾದೂರ್ ಎಂಬ ಹೆಸರಿನ ತಮ್ಮದೇ ಸರ್ಕಾರ ಮಾಡಿಕೊಂಡರು. ಹಿಂದೂ ಮುಸಲ್ಮಾನರು ಕೂಡಿ ಎರಡು ಬಾವುಟ ಹಾರಿಸಿದ ಸರ್ಕಾರ ಅದು. ಆಕೆಯ ಸ್ವಂತ ತಾಯಿಯ ಒಲವು ಬಂಡಾಯಗಾರರ ಕಡೆಗಿತ್ತೆಂದು ಬರೆದವರಿದ್ದಾರೆ. ಮಗಳು ಮಣಿಯಲಿಲ್ಲ.

1858ರ ಜನವರಿಯಲ್ಲಿ ಹ್ಯೂ ರೋಸ್ ಸೈನ್ಯದೊಡನೆ ಸೀಹೋರಿಗೆ ಬಂದ. ಸೆರೆಯಾದ ಸಿಪಾಯಿಗಳನ್ನು, ನೂರಕ್ಕೂ ಮೇಲೆ, ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಅದಾದ ಮೇಲೆ ರಾಹತಗಢದ ಕೋಟೆ ಹಿಡಿದು, ಬಂಡೆದ್ದಿದ್ದ ಫಾಜಿಲ್ ಮೊಹಮ್ಮದ್ ಖಾನನನ್ನು ಕೋಟೆಯ ಬಾಗಿಲಲ್ಲೇ ನೇಣುಹಾಕಿದರು. ಇದೇ ಹ್ಯೂ ರೋಸ್ ಮುಂದೆ ನೇರ ಝಾನ್ಸಿಗೆ ಹೋದ. ಅವನ ಸೈನ್ಯಕ್ಕೆ ದಾರಿ, ಕಾಳು, ಮೇವು ಭೋಪಾಲದಿಂದ ಸಿಕ್ಕಿತು. ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಆ ಪದಕದ ವಜ್ರಗಳನ್ನು ನೋಡುವಾಗ ಸೀಹೋರಿನ ಆ ಬಯಲನ್ನೂ ನೋಡಬೇಕು.

ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ. ನಮ್ಮ ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಯಾಕೆ ಕತ್ತಿ ಎತ್ತಿದಳು? ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ. ಝಾನ್ಸಿಯಲ್ಲಿ? ಅಲ್ಲಿಯೂ ದತ್ತುಮಗನನ್ನು ಒಪ್ಪಲಿಲ್ಲ, ರಾಜ್ಯ ನುಂಗಿದರು. ಭೋಪಾಲದಲ್ಲಿ ಅದೇ ಕಂಪನಿ 1819ರಲ್ಲಿ ಹೆಣ್ಣುಕೂಸನ್ನು ಒಪ್ಪಿತು, 1844ರಲ್ಲಿ ಇನ್ನೊಂದು ಹೆಣ್ಣುಕೂಸನ್ನು ಒಪ್ಪಿತು, 1855ರಲ್ಲಿ ಅಳಿಯನಿಗೆ ಅಧಿಕಾರವಿಲ್ಲ ಎಂಬುದನ್ನೂ ಒಪ್ಪಿತು. ಮನೆಯ ಗಂಡಸರು ಕಿತ್ತುಕೊಳ್ಳುತ್ತಿದ್ದುದನ್ನು ಹೊರಗಿನವರು ಕೊಡಿಸುತ್ತಿದ್ದರು. ಒಂದು ಕಡೆ ಕಂಪನಿ ಅಂದರೆ ಸುಲಿಗೆ, ಇನ್ನೊಂದು ಕಡೆ ಅದೇ ಆಸರೆ. ಎರಡೂ ಕಂಪನಿಯ ಲಾಭದ ಲೆಕ್ಕವೇ, ಅದು ಬೇರೆ ಮಾತು. ಹೀಗೆಂದು ಸೀಹೋರಿನ ಗುಂಡು ಮಾಫಿಯಾಗುವುದಿಲ್ಲ. ಆದರೆ ಪದಕದ ಆಸೆಗೆ ಮಾಡಿದಳು ಎನ್ನುವುದು ಸುಳ್ಳು. 1857ರಲ್ಲಿ ಆ ಪದಕ ಇರಲೇ ಇಲ್ಲ.

ಆಕೆಯ ಆಸೆ ಬೇರೆಯೇ ಇತ್ತು. ಹತ್ತು ವರ್ಷ ರಾಜ್ಯವಾಳಿದರೂ ಆಕೆ ಹೆಸರಿಗೆ ಮಗಳ ಪರವಾದ ಪ್ರತಿನಿಧಿ. ಮಗಳು ಪ್ರಾಯಕ್ಕೆ ಬಂದರೆ ಕೆಳಗಿಳಿಯಬೇಕು. ಬಂಡಾಯ ಅಡಗಿದ ಮೇಲೆ ಸರ್ಕಾರದ ಮುಂದೆ ತನ್ನ ಹಳೇ ತಕರಾರು ಇಟ್ಟಳು. 1819ರಲ್ಲಿ ಹಕ್ಕುದಾರಳೆಂದು ಹೆಸರಿಸಿದ್ದು ತನ್ನನ್ನು. ನಡುವೆ ಗಂಡ ಬಂದ, ಆಮೇಲೆ ಮಗಳು ಬಂದಳು, ತಾನು ಗಾದಿಗೆ ಕೂತದ್ದೇ ಇಲ್ಲ. ಹಾಗಾದರೆ ತನ್ನ ಹಕ್ಕು ಎಲ್ಲಿ ಹೋಯಿತು? ಶಾಹ ಜಹಾನ್ ತಾಯಿಗಾಗಿ ಬಿಟ್ಟುಕೊಟ್ಟಳು. 1860ರಲ್ಲಿ ಸಿಕಂದರ್ ಸ್ವಂತ ಹಕ್ಕಿನ ನವಾಬ್ ಬೇಗಂ ಆದಳು, ಮಗಳು ಉತ್ತರಾಧಿಕಾರಿ. ಇಪ್ಪತ್ತೆರಡರ ಮಗಳು ಒಳಗೊಳಗೆ ಏನು ಅಂದುಕೊಂಡಳೋ. ತಾಯಿಯಾದವಳು ಮಗಳಿಂದ ಗಾದಿ ತೆಗೆದುಕೊಳ್ಳುವುದು ನಮ್ಮ ಕಥೆ ಕಾದಂಬರಿಗಳಲ್ಲಿಯೂ ನಾನು ಕಂಡಿಲ್ಲ. ಇದರ ಜೊತೆಗೆ ಧಾರ್ ರಾಜ್ಯದಿಂದ ಕಿತ್ತುಕೊಂಡ ಬೆರಸಿಯಾ ಪರಗಣೆಯನ್ನೂ ಭೋಪಾಲಕ್ಕೆ ಕೊಟ್ಟರು.

ಇನ್ನು ಪದಕದ ಮಾತು. 1861ರ ಫೆಬ್ರುವರಿಯಲ್ಲಿ ಸ್ಟಾರ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಬಂಡಾಯದ ಮರುವರ್ಷ ಆಡಳಿತ ಕಂಪನಿಯಿಂದ ರಾಣಿಗೆ ಹೋಗಿತ್ತು, ದೇಶದ ರಾಜರನ್ನು ರಾಣಿಗೆ ಗಂಟುಹಾಕಲು ಒಂದು ದಾರ ಬೇಕಾಗಿತ್ತು. ಇಂಗ್ಲಿಷರ ಹಳೇ ಪದಕಗಳೆಲ್ಲ ಶಿಲುಬೆ, ಸಂತರು ಇವುಗಳ ಸುತ್ತ ಇದ್ದವು. ಹಿಂದೂ ಮುಸಲ್ಮಾನ ರಾಜರ ಎದೆಗೆ ಅದು ಹೊಂದುವುದಿಲ್ಲ. ಅದಕ್ಕೇ ರಾಣಿಯ ಗಂಡ ಆಲ್ಬರ್ಟ್ ತಾನೇ ತಲೆಹಾಕಿ ಶಿಲುಬೆ ಬಿಟ್ಟು ನಕ್ಷತ್ರ ಮಾಡಿಸಿದ. ಧ್ಯೇಯವಾಕ್ಯದಲ್ಲಿಯೂ ಯಾವ ಧರ್ಮದ ಹೆಸರೂ ಬಾರದಂತೆ, ದಾರಿ ತೋರುವ ಆಕಾಶದ ಬೆಳಕು ಎಂಬರ್ಥ ಬರುವಂತೆ ಮಾಡಿದರು. ಕೊರಳಿಗೆ ಹಾಕುವ ಚಿನ್ನದ ಸರದಲ್ಲಿ ತಾವರೆ, ಅಡ್ಡಡ್ಡ ಇಟ್ಟ ತಾಳೆಗರಿ, ಇಂಗ್ಲೆಂಡಿನ ಗುಲಾಬಿ, ನಡುವೆ ಕಿರೀಟ. ಮೊದಲಿಗೆ ಒಂದೇ ದರ್ಜೆ, ನೈಟುಗಳು ಇಪ್ಪತ್ತೈದೇ ಜನ. 1866ರಲ್ಲಿ ಮೂರು ದರ್ಜೆ ಮಾಡಿದಾಗ ಹಳಬರೆಲ್ಲ ಮೇಲಿನ ದರ್ಜೆಗೆ ಸೇರಿದರು. ಆಗಲೂ ಆ ದರ್ಜೆಯ ಹೆಸರಿನಲ್ಲಿ ಶಿಲುಬೆ ಎಂಬ ಶಬ್ದ ಬರಬಾರದೆಂದು ಕಮಾಂಡರ್ ಎಂಬ ಶಬ್ದ ಇಟ್ಟರು. ಬಿಲ್ಲೆ ಕೂಡಿಸುವವರು ಇಂಥದನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ, ನಾನು ಮಾವನ ಬಾಯಿಂದ ಕಲಿತೆ.

1861ರ ನವೆಂಬರ್ 1ರಂದು ಅಲಾಹಾಬಾದಿನಲ್ಲಿ ವೈಸರಾಯ್ ಕ್ಯಾನಿಂಗ್ ಪದಕ ಪ್ರದಾನದ ದರ್ಬಾರು ನಡೆಸಿದ. ಗ್ವಾಲಿಯರಿನ ಸಿಂಧಿಯಾ, ಪಟಿಯಾಲಾದ ಮಹಾರಾಜ, ರಾಮಪುರದ ನವಾಬ, ಅವರ ಜೊತೆ ಸಿಕಂದರ್ ಬೇಗಂ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ವಿಕ್ಟೋರಿಯಾ ರಾಣಿಯನ್ನು ಬಿಟ್ಟರೆ ನೈಟರ ಸಾಲಿನಲ್ಲಿದ್ದ ಹೆಂಗಸು ಆಗ ಆಕೆಯೊಬ್ಬಳೇ. ಆ ಪದಕ ಧರಿಸಿದ ಆಕೆಯ ಚಿತ್ರಗಳು ಉಳಿದಿವೆ. ನಾನು ನೋಡಿದ್ದು ಪುಸ್ತಕದ ಅಚ್ಚಿನಲ್ಲಿ. ಚೆಲುವೆಯೆಂದು ಯಾರೂ ಹೇಳಲಾರರು. ಅಗಲ ಮುಖ, ಬಿಗಿದ ತುಟಿ, ಕ್ಯಾಮೆರಾವನ್ನೇ ಜಮಾಬಂದಿ ಲೆಕ್ಕ ಕೇಳುತ್ತಿರುವ ಹಾಗೆ ನೋಟ. 1867ರಲ್ಲಿ ಭೋಪಾಲಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ರೂಸ್ಲೆ ಆಕೆಯ ಗಂಡುಡುಗೆ, ಸೊಂಟದ ಚೂರಿ ನೋಡಿ ಬೆರಗಾಗಿ ಬರೆದಿದ್ದಾನೆ.

ನನಗೆ ಈ ಪದಕಕ್ಕಿಂತ ದೊಡ್ಡದೆನಿಸಿದ್ದು 1862ರ ಸನ್ನದು. ದೇಶದ ರಾಜರಿಗೆಲ್ಲ ಆಗ ವಾರಸುದಾರಿಕೆಯ ಸನ್ನದು ಕೊಟ್ಟರು. ಇನ್ನು ಮೇಲೆ ಮಕ್ಕಳಿಲ್ಲವೆಂದು ರಾಜ್ಯ ನುಂಗುವುದಿಲ್ಲ, ಅವರವರ ಧರ್ಮದ ಪ್ರಕಾರ ವಾರಸುದಾರರನ್ನು ಒಪ್ಪುತ್ತೇವೆ ಎಂಬ ಮಾತು. ಕಿತ್ತೂರಿಗೂ ಝಾನ್ಸಿಗೂ ಸಿಗದೇ ಹೋದದ್ದು ಇದೇ ಅಲ್ಲವೆ? ಅವರು ಸತ್ತು, ಉಳಿದವರಿಗೆ ಸಿಕ್ಕಿತು.

ದಿಲ್ಲಿಯ ಜಾಮಾ ಮಸೀದಿಯನ್ನು ಬಂಡಾಯದ ನಂತರ ಇಂಗ್ಲಿಷರು ಮುಚ್ಚಿಬಿಟ್ಟಿದ್ದರು, 1862ರಲ್ಲಿ ತಿರುಗಿ ಕೊಟ್ಟರು. ಅದು ಬೇಗಂ ಆಡಿದ ಮಾತಿನಿಂದ ಆದದ್ದು ಎಂದು ಭೋಪಾಲದವರು ಹೇಳುತ್ತಾರೆ.

ಮುಂಬಯಿಯವರಾದ ನಮಗೆ ಆಕೆಯ ಸಂಬಂಧ ಒಂದುಂಟು. 1863ರ ಕೊನೆಗೆ ಸುಮಾರು ಸಾವಿರ ಜನರ ಪರಿವಾರ ಕಟ್ಟಿಕೊಂಡು, ಮುದಿ ತಾಯಿ ಕುದ್ಸಿಯಾಳನ್ನೂ ಕರೆದುಕೊಂಡು ಹಜ್ ಯಾತ್ರೆಗೆ ಹೊರಟವಳು ಹಡಗು ಹತ್ತಿದ್ದು ಇದೇ ಮುಂಬಯಿಯಲ್ಲಿ. ಅಮೇರಿಕದ ಯುದ್ಧದಿಂದ ಹತ್ತಿಯ ಬೆಲೆ ಏರಿ ಊರೆಲ್ಲ ದುಡ್ಡಿನ ಅಮಲಿನಲ್ಲಿದ್ದ ಕಾಲ ಅದು. ಗಾದಿಯಲ್ಲಿರುವಾಗಲೇ ಹಜ್ ಮಾಡಿದ ಮೊದಲ ಭಾರತೀಯ ದೊರೆ ಆಕೆ ಎನ್ನುತ್ತಾರೆ. 1864ರ ಜನವರಿಯಲ್ಲಿ ಜೆಡ್ಡಾ ಮುಟ್ಟಿದಳು. ಆಮೇಲಿನದೆಲ್ಲ ಜಗಳ. ಸುಂಕದವರ ಕಾಟ, ಸಾಮಾನಿನ ಕಳವು, ಮೆಕ್ಕಾದ ಷರೀಫನ ಜೊತೆ ಇಳಿದುಕೊಳ್ಳುವ ಮನೆಯ ವಿಷಯಕ್ಕೆ ತಕರಾರು. ದಾರಿ ಭಯದ್ದು, ಖರ್ಚೂ ಬಹಳ ಎಂದು ಮದೀನಾಕ್ಕೆ ಹೋಗಲಿಲ್ಲ. ಬಂದ ಮೇಲೆ ಇದನ್ನೆಲ್ಲ ಉರ್ದುವಿನಲ್ಲಿ ಬರೆದಳು. ಪುಣ್ಯಕ್ಷೇತ್ರದ ಭಕ್ತಿ ಒಂದು ಕಡೆ ಇದ್ದರೂ, ಬೀದಿಯ ಕಸ, ವಸ್ತುಗಳ ಬೆಲೆ, ಅಧಿಕಾರಿಗಳ ಲಂಚ ಎಲ್ಲ ಬರೆಯುವುದನ್ನು ಬಿಡಲಿಲ್ಲ. ಅಭ್ಯಾಸಬಲ, ಇನ್ನೇನು. ಅದರ ಇಂಗ್ಲಿಷ್ ಅನುವಾದ 1870ರಲ್ಲಿ ಅಚ್ಚಾಯಿತು. ಅದನ್ನು ನೋಡುವುದಕ್ಕೆ ಆಕೆ ಇರಲಿಲ್ಲ.

1868ರ ಅಕ್ಟೋಬರ್ 30ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಳು. ಫರಹತ್ ಅಫ್ಜಾ ತೋಟದಲ್ಲಿ ಮಣ್ಣು ಮಾಡಿದರು. ತಾಯಿ ಕುದ್ಸಿಯಾ ಇನ್ನೂ ಬದುಕಿದ್ದಳು. ಬಿಟ್ಟುಕೊಟ್ಟ ಗಾದಿ ಶಾಹ ಜಹಾನಳಿಗೆ ತಿರುಗಿ ಬಂತು, 1901ರವರೆಗೆ ಆಳಿದಳು. ಆಕೆಗೆ 1872ರಲ್ಲಿ ಅದೇ ಸ್ಟಾರ್ ಆಫ್ ಇಂಡಿಯಾ ಸಿಕ್ಕಿತು, 1878ರಲ್ಲಿ ಹೆಂಗಸರ ಕ್ರೌನ್ ಆಫ್ ಇಂಡಿಯಾ ಸಿಕ್ಕಿತು. ಮೊಮ್ಮಗಳು ಸುಲ್ತಾನ್ ಜಹಾನಳನ್ನು ಸಿಕಂದರ್ ತಾನೇ ಮಡಿಲಲ್ಲಿಟ್ಟು ಬೆಳೆಸಿದ್ದಳು. ಆಕೆಗಂತೂ ಇವೆರಡರ ಜೊತೆ ಇನ್ನೂ ಎರಡು ಪದಕ ಬಂದವು. ಅವಳು 1926ರಲ್ಲಿ ಮಗನಿಗೆ ಗಾದಿ ಬಿಟ್ಟಳು, ಬೇಗಮರ ಕಾಲ ಅಲ್ಲಿಗೆ ಮುಗಿಯಿತು. ಮನೆತನದ ಚರಿತ್ರೆ ಬರೆದವಳೂ ಇದೇ ಮೊಮ್ಮಗಳು. ಆದ್ದರಿಂದ ಅಜ್ಜಿಯ ಹೊಗಳಿಕೆ ಬಂದ ಕಡೆ ಸ್ವಲ್ಪ ನಿಂತು ಓದಬೇಕು.

ಸಿಕಂದರಳ ನಕ್ಷತ್ರ ನಿಯಮದ ಪ್ರಕಾರ ಹಿಂದಕ್ಕೆ ಹೋಗಬೇಕಾದದ್ದು. ವಜ್ರದ್ದು ಹೀಗಾಯಿತು. ಗಾದಿಯ ಮೇಲಿನ ಹಕ್ಕನ್ನು ಆಕೆ ಯಾರಿಗೂ ಹಿಂದಕ್ಕೆ ಕೊಡಬೇಕಾಗಲಿಲ್ಲ, ಮಗಳಿಗೆ ಬಂತು, ಮೊಮ್ಮಗಳಿಗೆ ಬಂತು. ಇದನ್ನು ಮಾವನಿಗೆ ಹೇಳಿದೆ. ಅವರಿಗೆ ನನ್ನ ಮಾತಿಗಿಂತ ಆ ರಿಬ್ಬನ್ನಿನ ಮೇಲೆ ಲಕ್ಷ್ಯ. ಬಿಲ್ಲೆ ಖೊಟ್ಟಿಯಾದರೂ ರಿಬ್ಬನ್ ಹಳೇದೇ ಇದ್ದಂಗಿತ್ತು, ಆ ತುಂಡು ಒಂದ ಕೊಡ್ತಾನೇನು ಕೇಳಬೇಕಿತ್ತು ಎಂದು ಮುಂದಿನ ಶುಕ್ರವಾರ ಮತ್ತೆ ಹೊರಟರು. ಅಷ್ಟರಲ್ಲಿ ಅದನ್ನು ಯಾರೋ ಒಯ್ದಿದ್ದರು. ಅಂಗಡಿಯವನು ಹೇಳಿದ ಬೆಲೆಗೇ ಹೋಯಿತೋ ಏನೋ, ಅವನ ಮುಖ ನೋಡಿದರೆ ಹಾಗನ್ನಿಸಿತು.

ದೀವಳಿಗೆಯ ರಜೆಯಲ್ಲಿ ಪಂಜಾಬ್ ಮೇಲ್ ಹಿಡಿದು ಭೋಪಾಲದಲ್ಲಿ ಇಳಿಯಬೇಕೆಂದು ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಕುದ್ಸಿಯಾ ಕಟ್ಟಿಸಿದ ಗೌಹರ್ ಮಹಲ್, ಸಿಕಂದರ್ ಕಟ್ಟಿಸಿದ ಮೋತಿ ಮಸೀದಿ ನೋಡುವುದು, ಅಲ್ಲಿಂದ ಬಸ್ಸಿನಲ್ಲಿ ಸೀಹೋರಿಗೂ ಹೋಗಿಬರುವುದು. ಸೀಹೋರಿಗೆ ಹೋಗಲೇಬೇಕೆಂದು ಹಟ ಹಿಡಿದವನು ಸಂಘದಲ್ಲಿ ಸಿಡಿದೆದ್ದ ಆ ಗೆಳೆಯನೇ. ಬರುವವರು ಇನ್ನಿಬ್ಬರಿದ್ದರೆ ಸಂಘದ ಕೋಣೆಯಲ್ಲಿ ಹೆಸರು ಕೊಡಿ.